ಯಾವ ನಲ್ಲಿ ಮುಚ್ಚಬೇಕು?

ನಮ್ಮ ಐಟಿ ಕೆಲಸದಲ್ಲಿ ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಎರಡು ಪದಗಳು ಇಂಪ್ಲಿಮೆಂಟೇಷನ್ ಮತ್ತು ಐಸೋಲೇಷನ್. ಇವನ್ನು ಕನ್ನಡದಲ್ಲಿ ಹೇಳಲು ಹೊರಟರೆ ಒಂದೊಂದಕ್ಕೂ ನಾಲ್ಕಾರು ಪದಗಳು ಬಂದು ಎದುರು ನಿಲ್ಲುತ್ತವೆ. ಮೊದಲನೆಯದಕ್ಕೆ ಸರ್ಕಾರಿ ಕಡತದಲ್ಲಿ ‘ಅನುಷ್ಠಾನ’ ಇದೆ, ‘ಜಾರಿ’ ಇದೆ. ಮನೆಯಲ್ಲಿ ಅನುಷ್ಠಾನ ಅಂದರೆ ಜಪ-ಪೂಜೆ. ಎರಡನೆಯದಂತೂ ಇನ್ನೂ ಕಷ್ಟ. ಆಸ್ಪತ್ರೆಯಲ್ಲಿ ಅದು ಪ್ರತ್ಯೇಕವಾಸ, ಋಷಿಗೆ ಏಕಾಂತ, ವಯಸ್ಸಾದವರಿಗೆ ಒಂಟಿತನ, ಸಾವಾದ ಮನೆಗೆ ಸೂತಕ, ಊರು ಮುನಿಸಿಕೊಂಡರೆ ಬಹಿಷ್ಕಾರ.

ಇದು ನಮ್ಮ ಭಾಷೆಯ ಬಡತನ ಅಂತ ನನಗೆ ಅನ್ನಿಸುವುದಿಲ್ಲ. ಬೇರೆ ಮಾಡುವುದು ಅನ್ನುವ ಒಂದೇ ಕೆಲಸವನ್ನು ಹೇಗೆ ಜಾರಿ ಮಾಡುತ್ತೀರಿ ಅನ್ನುವುದರ ಮೇಲೆ ಅದರ ಹೆಸರೇ ಬದಲಾಗುತ್ತದೆ ಅಂತ ಕನ್ನಡ ಗುರುತಿಸಿಕೊಂಡಿದೆ. ಸೂತಕವನ್ನೇ ನೋಡಿ. ಆ ಮನೆಯವರನ್ನು ಕೆಲವು ದಿನ ಬೇರೆ ಇಡುತ್ತಾರೆ ನಿಜ. ಆದರೆ ಅದಕ್ಕೆ ಮುಗಿಯುವ ದಿನವಿದೆ. ಜೊತೆಗೆ ಆ ಮನೆಯಲ್ಲಿ ಒಲೆ ಹಚ್ಚದ ಹೊತ್ತಿನಲ್ಲಿ ನೆಂಟರೋ ನೆರೆಯವರೋ ಅಡುಗೆ ತಂದುಕೊಡುವ ರೂಢಿಯೂ ಇದೆ. ಬಹಿಷ್ಕಾರದಲ್ಲಿ ಇವೆರಡೂ ಇಲ್ಲ. ಎರಡೂ ಬೇರ್ಪಡಿಕೆಯೇ, ಆದರೆ ಒಂದರಿಂದ ಮನುಷ್ಯ ಹೊರಗೆ ಬರುತ್ತಾನೆ, ಇನ್ನೊಂದರಲ್ಲಿ ಒಳಗೇ ಸವೆಯುತ್ತಾನೆ.

ನಾನು ಈಗ ಕೆಲವು ವರ್ಷಗಳಿಂದ ಚೆನ್ನೈನ ಪೆರಂಬೂರಿನಲ್ಲಿದ್ದೇನೆ. ಈ ಎರಡು ಪದಗಳನ್ನು ನಾನು ಕಾಲೇಜಿನ ಪುಸ್ತಕದಲ್ಲಿ ಕಲಿತದ್ದಕ್ಕಿಂತ ಹೆಚ್ಚಾಗಿ ಈ ಬಡಾವಣೆಯ ಸುತ್ತಮುತ್ತ ಕಲಿತಿದ್ದೇನೆ. ಹಾಗಾಗಿ ಇಲ್ಲಿಂದಲೇ ಶುರು ಮಾಡುತ್ತೇನೆ.

ಡಬ್ಬಿಯ ಕೆಳಗಿನ ಎರಡು ಹಿಡಿಕೆಗಳು

ಪೆರಂಬೂರು ಅಂದರೆ ರೈಲು. ಇಲ್ಲಿನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯನ್ನು 1955ರ ಅಕ್ಟೋಬರ್ 2ರಂದು ನೆಹರೂ ಉದ್ಘಾಟಿಸಿದರು. ಸ್ವಿಸ್ ಕಂಪನಿಯೊಂದರ ತಂತ್ರಜ್ಞಾನದಿಂದ ಶುರುವಾದ ಆ ಹಳೆಯ ಮಾದರಿಯ ಡಬ್ಬಿಗಳಲ್ಲೇ ನಮ್ಮ ತಲೆಮಾರಿನವರು ಅಜ್ಜಿಮನೆಗೆ ಹೋದದ್ದು. 2018ರಲ್ಲಿ ಆ ಮಾದರಿಯ ಕೊನೆಯ ಡಬ್ಬಿ ಹೊರಬಿತ್ತು. ಅದೇ ವರ್ಷ ಅಲ್ಲಿಯೇ ‘ಟ್ರೇನ್ 18’ ತಯಾರಾಗಿ, ಮುಂದೆ ವಂದೇ ಭಾರತ್ ಅಂತ ಹೆಸರಾಯಿತು. 2022ರ ನವೆಂಬರ್ 11ರಿಂದ ಚೆನ್ನೈ–ಬೆಂಗಳೂರು–ಮೈಸೂರು ನಡುವೆ ಓಡುತ್ತಿರುವುದೂ ಅದೇ ಕುಲದ ರೈಲು.

ನಮ್ಮ ಮೇಲಿನ ಮನೆಯಲ್ಲಿ ರೈಲ್ವೆಯಿಂದ ನಿವೃತ್ತರಾದ ಫಿಟ್ಟರ್ ಒಬ್ಬರಿದ್ದಾರೆ. ನಾನು ಒಂದು ಸಲ ನಮ್ಮ ಆಫೀಸಿನ ಐಸೋಲೇಷನ್ ಬಗ್ಗೆ ಏನೋ ಹೇಳುತ್ತಿದ್ದಾಗ ಅವರು ನಕ್ಕು, “ತಂಬಿ, ಆ ಮಾತು ನಮ್ಮ ಶೆಡ್ಡಿನಲ್ಲಿ ಮೊದಲಿನಿಂದಲೂ ಇದೆ. ಐಸೋಲೇಟಿಂಗ್ ಕಾಕ್ ಅಂತ. ನಿಮ್ಮ ಮನೆ ನಲ್ಲಿ ಇದ್ದಹಾಗೆ” ಅಂದರು.

ಅವರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ರೈಲಿನ ಉದ್ದಕ್ಕೂ, ಇಂಜಿನ್ನಿನಿಂದ ಕೊನೆಯ ಡಬ್ಬಿಯವರೆಗೆ, ಒಂದು ಗಾಳಿಯ ಪೈಪು ಹೋಗುತ್ತದೆ. ಅದೇ ಬ್ರೇಕ್ ಪೈಪು. ಅದರಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡವಿದ್ದರೆ ಬ್ರೇಕು ಬಿಟ್ಟಿರುತ್ತದೆ. ಚಾಲಕ ಒತ್ತಡ ಇಳಿಸಿದರೆ ಪ್ರತಿ ಡಬ್ಬಿಯಲ್ಲೂ ಬ್ರೇಕು ಬೀಳುತ್ತದೆ. ಪೈಪು ಕಿತ್ತುಹೋದರೂ ಒತ್ತಡ ಇಳಿದು ಬ್ರೇಕು ತಾನೇ ಬೀಳುತ್ತದೆ. ಕೆಟ್ಟರೆ ನಿಲ್ಲುವಂತೆ ಮಾಡಿರುವ ವ್ಯವಸ್ಥೆ ಇದು.

ಈಗ ಯಾವುದೋ ಒಂದು ಡಬ್ಬಿಯ ಬ್ರೇಕು ಹಿಡಿದುಕೊಂಡು ಬಿಡುವುದಿಲ್ಲ, ಗಾಲಿ ಕಾದು ಹೊಗೆ ಬರುತ್ತಿದೆ ಅನ್ನಿ. ಇಡೀ ರೈಲನ್ನು ಅಲ್ಲೇ ನಿಲ್ಲಿಸಿಕೊಳ್ಳುವ ಹಾಗಿಲ್ಲ. ಆಗ ಆ ಡಬ್ಬಿಯ ಕೆಳಗಿನ ಐಸೋಲೇಟಿಂಗ್ ಕಾಕ್ ತಿರುಗಿಸಿ, ಸಿಲಿಂಡರಿನಲ್ಲಿ ಉಳಿದ ಗಾಳಿ ಬಿಟ್ಟು, ಚಾಲಕನಿಗೂ ಗಾರ್ಡಿಗೂ ತಿಳಿಸಿ ಮುಂದೆ ಕಳಿಸುತ್ತಾರೆ. ಆ ನಲ್ಲಿ ಇರುವುದು ಮುಖ್ಯ ಪೈಪಿನ ಮೇಲಲ್ಲ, ಅದರಿಂದ ಆ ಡಬ್ಬಿಯ ಬ್ರೇಕಿಗೆ ಹೋಗುವ ಕವಲಿನ ಮೇಲೆ. ಕೆಟ್ಟ ಡಬ್ಬಿಯ ಬ್ರೇಕು ಮಾತ್ರ ಸುಮ್ಮನಾಗುತ್ತದೆ. ಡಬ್ಬಿ ರೈಲಿನ ಜೊತೆಗೇ ಓಡುತ್ತದೆ, ಅದರ ಮೂಲಕ ಹಿಂದಿನ ಡಬ್ಬಿಗಳಿಗೆ ಗಾಳಿಯೂ ಹೋಗುತ್ತದೆ.

ಆದರೆ ಡಬ್ಬಿಯ ತುದಿಗಳಲ್ಲಿ ಇನ್ನೊಂದು ನಲ್ಲಿ ಇದೆ. ಅದು ಆಂಗಲ್ ಕಾಕ್. ಅದಿರುವುದು ಮುಖ್ಯ ಪೈಪಿನ ಮೇಲೆಯೇ. ಡಬ್ಬಿಗಳನ್ನು ಕಳಚುವಾಗ ಮಾತ್ರ ಅದನ್ನು ಮುಚ್ಚಬೇಕು. ಓಡುವ ರೈಲಿನಲ್ಲಿ ಮಧ್ಯದ ಒಂದು ಆಂಗಲ್ ಕಾಕ್ ಮುಚ್ಚಿಹೋಗಿದ್ದರೆ ಅದರ ಹಿಂದಿನ ಡಬ್ಬಿಗಳೆಲ್ಲ ಚಾಲಕನ ಮಾತು ಕೇಳುವುದಿಲ್ಲ. “ಎರಡೂ ನಲ್ಲಿಯೇ ತಂಬಿ, ತಿರುಗಿಸುವ ಕೈಯೂ ಒಂದೇ. ಯಾವುದನ್ನು ಮುಚ್ಚುತ್ತಿದ್ದೀನಿ ಅಂತ ಗೊತ್ತಿರಬೇಕು ಅಷ್ಟೆ” ಅಂದರು ಅವರು.

ಗೊತ್ತಿಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಪ್ಯಾರಿಸ್ಸಿನ ಗಾರ್ ದ ಲಿಯೋಂ ನಿಲ್ದಾಣದ ಉದಾಹರಣೆ ಇದೆ. 1988ರ ಜೂನ್ 27ರಂದು ಉಪನಗರ ರೈಲೊಂದರಲ್ಲಿ ಪ್ರಯಾಣಿಕರೊಬ್ಬರು ಅಪಾಯದ ಹಿಡಿಕೆ ಎಳೆದರು. ಬಿದ್ದ ಬ್ರೇಕನ್ನು ಬಿಡಿಸುವ ಗಡಿಬಿಡಿಯಲ್ಲಿ ಮುಖ್ಯ ಪೈಪಿನ ನಲ್ಲಿಯೇ ಮುಚ್ಚಿಹೋಯಿತು. ಮೊದಲ ಡಬ್ಬಿಯನ್ನು ಬಿಟ್ಟರೆ ಮಿಕ್ಕವುಗಳಲ್ಲಿ ಬ್ರೇಕೇ ಇರಲಿಲ್ಲ. ಇಳಿಜಾರಿನಲ್ಲಿ ಬಂದ ರೈಲು ನಿಲ್ದಾಣದಲ್ಲಿ ನಿಂತಿದ್ದ ಇನ್ನೊಂದು ರೈಲಿಗೆ ಗುದ್ದಿ 56 ಜನ ಸತ್ತರು. ಕವಲು ಮುಚ್ಚಿದರೆ ದುರಸ್ತಿ, ಮುಖ್ಯ ಪೈಪು ಮುಚ್ಚಿದರೆ ಅನಾಹುತ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದರ ಅರ್ಧ ಭಾಗ ಇಷ್ಟೇ.

ಹೃದಯವನ್ನು ಬದಿಗಿಟ್ಟು

ಕಾರ್ಖಾನೆಯ ಹಾಗೆಯೇ ಪೆರಂಬೂರಿಗೆ ಹೆಸರು ತಂದದ್ದು ಇಲ್ಲಿನ ದಕ್ಷಿಣ ರೈಲ್ವೆಯ ಕೇಂದ್ರ ಆಸ್ಪತ್ರೆ. ಭಾರತದ ಮೊದಲ ಯಶಸ್ವಿ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಡಾ. ಕೆ. ಎಂ. ಚೆರಿಯನ್ 1975ರಲ್ಲಿ ಮಾಡಿದ್ದು ಇಲ್ಲಿಯೇ.

ಹೃದಯದ ಕೆಲಸದಲ್ಲಿ ಒಂದು ವಿಚಿತ್ರ ತೊಡಕಿದೆ. ದುರಸ್ತಿ ಮಾಡಬೇಕಾದರೆ ಅದನ್ನು ನಿಲ್ಲಿಸಬೇಕು. ನಿಲ್ಲಿಸಿದರೆ ಕೆಲವೇ ನಿಮಿಷದಲ್ಲಿ ಮೆದುಳು ಸಾಯುತ್ತದೆ. ಇದಕ್ಕೆ ಹುಡುಕಿದ ದಾರಿ ಹಾರ್ಟ್–ಲಂಗ್ ಯಂತ್ರ. ಅಮೆರಿಕದ ಜಾನ್ ಗಿಬ್ಬನ್ 1953ರ ಮೇ ತಿಂಗಳಲ್ಲಿ ಮನುಷ್ಯರ ಮೇಲೆ ಮೊದಲ ಬಾರಿಗೆ ಅದನ್ನು ಯಶಸ್ವಿಯಾಗಿ ಬಳಸಿದರು. ದೇಹಕ್ಕೆ ಹೋಗಬೇಕಾದ ರಕ್ತ ಯಂತ್ರದ ಮೂಲಕ ಹರಿಯುತ್ತದೆ, ಅಲ್ಲೇ ಅದಕ್ಕೆ ಆಮ್ಲಜನಕ ಸೇರುತ್ತದೆ. ಮಹಾಧಮನಿಗೆ ಚಿಮಟ ಹಾಕಿ ಹೃದಯವನ್ನು ಆ ಹರಿವಿನಿಂದ ಬೇರೆ ಮಾಡಿ ನಿಲ್ಲಿಸುತ್ತಾರೆ. ಮಿಡಿಯುವ ಹೃದಯದ ಮೇಲೆಯೇ ಬೈಪಾಸ್ ಮಾಡುವ ವಿಧಾನವೂ ಈಗ ಇದೆ. ಆದರೆ ದಶಕಗಳ ಕಾಲ ಈ ಶಸ್ತ್ರಚಿಕಿತ್ಸೆ ಬೆಳೆದದ್ದು ಯಂತ್ರದ ಆಸರೆಯಲ್ಲಿ.

ಇಲ್ಲಿಯೂ ಅದೇ ನಿಯಮ: ಒಂದು ಭಾಗವನ್ನು ಬೇರೆ ಮಾಡಿದರೂ ಮುಖ್ಯ ಹರಿವು ನಿಲ್ಲಬಾರದು. ಇದಕ್ಕೆ ಇನ್ನೊಂದು ಸೇರುತ್ತದೆ, ಅದು ಗಡಿಯಾರ. ಚಿಮಟ ಹಾಕಿದ ಕ್ಷಣದಿಂದ ಆಪರೇಷನ್ ಥಿಯೇಟರಿನಲ್ಲಿ ನಿಮಿಷ ಎಣಿಸುತ್ತಾರೆ. ಯಾವಾಗ ತೆಗೆಯಬೇಕು ಅನ್ನುವ ಅಂದಾಜಿಲ್ಲದೆ ಯಾರೂ ಚಿಮಟ ಹಾಕುವುದಿಲ್ಲ.

ಹೆಸರು ಒಂದೇ, ನಡೆ ಬೇರೆ

ಈಗ ನನ್ನ ಕಸುಬಿಗೆ ಬರುತ್ತೇನೆ. ಬೆಂಗಳೂರು–ಚೆನ್ನೈ ರೈಲಿನಲ್ಲಿ ಒಂದೇ ಒಂದು ಲೋವರ್ ಬರ್ತ್ ಉಳಿದಿದೆ. ಅದೇ ಸೆಕೆಂಡಿನಲ್ಲಿ ಮಲ್ಲೇಶ್ವರದಲ್ಲಿ ಒಬ್ಬರು, ಪೆರಂಬೂರಿನಲ್ಲಿ ಒಬ್ಬರು ಗುಂಡಿ ಒತ್ತುತ್ತಾರೆ. ಇಬ್ಬರಿಗೂ ಅದೇ ಬರ್ತ್ ಕೊಟ್ಟರೆ ರಾತ್ರಿ ಜಗಳ. ಹಾಗಾಗದಂತೆ ನೋಡಿಕೊಳ್ಳುವ ಗುಣಕ್ಕೆ ಡೇಟಾಬೇಸಿನಲ್ಲಿ ಐಸೋಲೇಷನ್ ಅನ್ನುತ್ತಾರೆ. ಎಷ್ಟೇ ಜನ ಒಟ್ಟಿಗೆ ಕೆಲಸ ಮಾಡುತ್ತಿದ್ದರೂ ಪ್ರತಿಯೊಬ್ಬರಿಗೂ ‘ನಾನೊಬ್ಬನೇ ಇದ್ದೇನೆ’ ಅನ್ನಿಸಬೇಕು. ಹೇರ್ಡರ್ ಮತ್ತು ರಾಯ್ಟರ್ 1983ರಲ್ಲಿ ‘ಆಸಿಡ್’ ಅಂತ ಹೆಸರಿಟ್ಟ ನಾಲ್ಕು ಗುಣಗಳಲ್ಲಿ ಇದೂ ಒಂದು. 1992ರ ಎಸ್‌ಕ್ಯೂಎಲ್ ಮಾನದಂಡ ಇದಕ್ಕೆ ನಾಲ್ಕು ಮಟ್ಟಗಳನ್ನು ಹೇಳಿತು. ಎಲ್ಲಕ್ಕಿಂತ ಬಿಗಿಯಾದದ್ದಕ್ಕೆ ಸೀರಿಯಲೈಜಬಲ್ ಅಂತ ಹೆಸರು.

ಕಾಗದದ ಮೇಲೆ ಇದು ಚೆನ್ನಾಗಿದೆ. ತೊಡಕು ಇರುವುದು ಜಾರಿಯಲ್ಲಿ. ಪೋಸ್ಟ್‌ಗ್ರೆಸ್ ಅನ್ನುವ ಜನಪ್ರಿಯ ಡೇಟಾಬೇಸಿನಲ್ಲಿ 2011ರ 9.1 ಆವೃತ್ತಿಗೂ ಮುಂಚೆ ನೀವು ಸೀರಿಯಲೈಜಬಲ್ ಅಂತ ಕೇಳಿದರೆ ಸಿಗುತ್ತಿದ್ದದ್ದು ಅದಕ್ಕಿಂತ ಸಡಿಲವಾದ ಸ್ನ್ಯಾಪ್‌ಶಾಟ್ ಐಸೋಲೇಷನ್. ಅಂದರೆ ಪ್ರತಿಯೊಬ್ಬರಿಗೂ ಶುರುವಿನ ಹೊತ್ತಿನ ಒಂದು ಫೋಟೋ ಕೊಟ್ಟು, ಅದನ್ನೇ ನೋಡಿಕೊಂಡು ಕೆಲಸ ಮಾಡಿ ಅನ್ನುವುದು. ಹೆಸರು ಒಂದೇ, ನಡೆ ಬೇರೆ.

ಇದರಿಂದ ಏನು ಕೆಡುತ್ತದೆ? ಒಂದು ಅಪಾರ್ಟ್‌ಮೆಂಟಿನಲ್ಲಿ ಇಬ್ಬರು ವಾಚ್‌ಮನ್ ಇದ್ದಾರೆ. ಯಾವಾಗಲೂ ಒಬ್ಬರಾದರೂ ಇರಬೇಕು ಅನ್ನುವುದು ನಿಯಮ. ಇಬ್ಬರೂ ಒಂದೇ ಹೊತ್ತಿಗೆ ಫೋನಿನಲ್ಲಿ ರಜೆ ಹಾಕುತ್ತಾರೆ. ಒಬ್ಬನಿಗೆ ಸಿಕ್ಕ ಫೋಟೋದಲ್ಲಿ ಇನ್ನೊಬ್ಬ ಕೆಲಸದಲ್ಲಿದ್ದಾನೆ, ಆದ್ದರಿಂದ ರಜೆ ಮಂಜೂರು. ಇನ್ನೊಬ್ಬನಿಗೂ ಹಾಗೆಯೇ. ಯಾರೂ ನಿಯಮ ಮುರಿಯಲಿಲ್ಲ, ಆದರೂ ಆ ರಾತ್ರಿ ಗೇಟಿನಲ್ಲಿ ಯಾರೂ ಇಲ್ಲ. ನಮ್ಮಲ್ಲಿ ಇದನ್ನು ರೈಟ್ ಸ್ಕ್ಯೂ ಅನ್ನುತ್ತಾರೆ. ಒಬ್ಬೊಬ್ಬರಾಗಿ ನೋಡಿದರೆ ಎಲ್ಲರೂ ಸರಿ, ಸೇರಿಸಿ ನೋಡಿದರೆ ತಪ್ಪು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗೇಟಿನ ಮೇಲಿನ ಪಟ್ಟಿ

2020ರಲ್ಲಿ ಐಸೋಲೇಷನ್ ಅನ್ನುವ ಪದ ತರಕಾರಿ ಗಾಡಿಯವನ ಬಾಯಲ್ಲೂ ಬಂತು. ಆಸ್ಪತ್ರೆ ಸಾಲದೆ ಹೋದರೆ ಇರಲಿ ಅಂತ ರೈಲ್ವೆ 5,231 ಎಸಿ ಇಲ್ಲದ ಡಬ್ಬಿಗಳನ್ನು ರೋಗಿಗಳಿಗಾಗಿ ಮಾರ್ಪಡಿಸಿತು. ನಡುವಿನ ಬರ್ತ್ ತೆಗೆದರು, ಒಂದು ಶೌಚಾಲಯವನ್ನು ಬಚ್ಚಲು ಮಾಡಿದರು, ಆಮ್ಲಜನಕದ ಸಿಲಿಂಡರಿಗೆ ಜಾಗ ಮಾಡಿದರು, ಕಿಟಕಿಗೆ ಸೊಳ್ಳೆಪರದೆ ಹಾಕಿದರು. ಎಸಿ ಡಬ್ಬಿಯನ್ನು ಬಿಟ್ಟದ್ದಕ್ಕೆ ಕಾರಣವಿತ್ತು. ಎಸಿಯ ಗಾಳಿ ಒಂದೇ ಕೊಳವೆಯಲ್ಲಿ ಎಲ್ಲ ಕಡೆಗೂ ಹೋಗುತ್ತದೆ, ಸೋಂಕನ್ನೂ ಹೊತ್ತೊಯ್ಯಬಹುದು. ಯೋಚನೆ ಸರಿ. ಆದರೆ ಜಾರಿಗೆ ಬಂದಾಗ ಬೇಸಿಗೆ. ಬಿಸಿಲಲ್ಲಿ ನಿಂತ ಲೋಹದ ಡಬ್ಬಿಯೊಳಗೆ ಜ್ವರದವರನ್ನು ಮಲಗಿಸುವುದು ಹೇಗೆ? 2021ರ ಎರಡನೆಯ ಅಲೆಯಲ್ಲಿ ಮಹಾರಾಷ್ಟ್ರದ ನಂದುರ್‌ಬಾರ್‌ನಂಥ ಕಡೆ ಕೆಲವು ಡಬ್ಬಿಗಳು ನೆರವಾದವು. ಹೆಚ್ಚಿನವು ಬಳಕೆಗೇ ಬರಲಿಲ್ಲ.

ಅದಕ್ಕಿಂತ ಚಿಕ್ಕ ಜಾರಿಯೊಂದು ನನ್ನ ಮನಸ್ಸಿನಲ್ಲಿ ಉಳಿದಿದೆ. ನಮ್ಮ ಹಿಂದಿನ ಬೀದಿಯಲ್ಲಿ ವಯಸ್ಸಾದ ಗಂಡ-ಹೆಂಡತಿ ಇಬ್ಬರೇ ಇದ್ದ ಮನೆಯ ಬಾಗಿಲಿಗೆ ತಗಡು ಹೊಡೆದರು. ಬೀದಿಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಪಕ್ಕದ ಮನೆಯವರು ಎದುರು ಮನೆಯವರು ನೋಡಿಕೊಳ್ಳುತ್ತಿದ್ದಾರೆ ಅಂದುಕೊಂಡರು, ಎದುರು ಮನೆಯವರು ಮಗ ಫೋನಿನಲ್ಲಿ ಏರ್ಪಾಡು ಮಾಡಿದ್ದಾನೆ ಅಂದುಕೊಂಡರು. ಎರಡು ದಿನ ಆ ಮನೆಗೆ ಸಕ್ಕರೆ ಕಾಯಿಲೆಯ ಮಾತ್ರೆ ಹೋಗಲಿಲ್ಲ. ವಾಚ್‌ಮನ್ನರ ಲೆಕ್ಕವೇ ಇಲ್ಲೂ ಆಯಿತು.

ವಿಷಯ ತಿಳಿದ ನಮ್ಮ ಮೇಲಿನ ಮನೆಯ ಫಿಟ್ಟರ್ ಸಾರ್ ಯಾರನ್ನೂ ಬೈಯಲಿಲ್ಲ. ಒಂದು ರಟ್ಟಿನ ಮೇಲೆ ಗೆರೆ ಹೊಡೆದು ನಮ್ಮ ಗೇಟಿಗೆ ಕಟ್ಟಿದರು. ಎಡಗಡೆ ಮುಚ್ಚಿದ ಮನೆ, ಅದರ ಮುಂದೆ ಹಾಲು ಯಾರು, ಔಷಧಿ ಯಾರು, ಸಂಜೆ ಕಿಟಕಿಯ ಕೆಳಗೆ ನಿಂತು ಮಾತಾಡಿಸುವವರು ಯಾರು, ಕೊನೆಯಲ್ಲಿ ಬಾಗಿಲು ತೆರೆಯುವ ತಾರೀಖು. ಕೆಲಸ ಮುಗಿದ ಮೇಲೆ ಟಿಕ್ ಹಾಕಬೇಕು. “ಶೆಡ್ಡಿನಲ್ಲಿ ನಲ್ಲಿ ಮುಚ್ಚಿದವನು ಬರೆದಿಡಬೇಕು. ಬರೆಯದಿದ್ದರೆ ಮುಂದಿನ ಪಾಳಿಯವನಿಗೆ ಹೇಗೆ ಗೊತ್ತಾಗಬೇಕು?” ಅನ್ನುವುದು ಅವರ ವಾದ. ನಮ್ಮ ಕಟ್ಟಡದಲ್ಲಿ ಆ ವರ್ಷ ಮೂರು ಮನೆ ಮುಚ್ಚಿದವು. ಮೂರೂ ಮನೆಗೆ ಇಡ್ಲಿ ಹಿಟ್ಟಿನಿಂದ ಹಿಡಿದು ಪೇಪರಿನವರೆಗೆ ಹೋಯಿತು.

ಹಿಡಿಕೆ ಯಾರ ಕೈಯಲ್ಲಿ?

ಇದುವರೆಗಿನ ಉದಾಹರಣೆಗಳಲ್ಲಿ ನಲ್ಲಿ ಮುಚ್ಚುವವರ ಉದ್ದೇಶ ಒಳ್ಳೆಯದೇ. ಸಮಾಜದಲ್ಲಿ ಯಾವಾಗಲೂ ಹಾಗಿರುವುದಿಲ್ಲ.

ಪೆರಂಬೂರಿನಲ್ಲಿ ಒಂದು ಕಾಲಕ್ಕೆ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ಲುಗಳಿದ್ದವು. ಅವುಗಳ ಆಡಳಿತ ಬಿನ್ನಿ ಕಂಪನಿಯದು. ಬೆಂಗಳೂರಿನ ಬಿನ್ನಿಪೇಟೆಗೆ ಹೆಸರು ಬಂದದ್ದೂ ಅದೇ ಕಂಪನಿಯಿಂದ. 1918ರ ಏಪ್ರಿಲಿನಲ್ಲಿ ಈ ಮಿಲ್ಲಿನ ಕಾರ್ಮಿಕರು ಸೇರಿ ಕಟ್ಟಿದ ಮದ್ರಾಸ್ ಲೇಬರ್ ಯೂನಿಯನ್ ದೇಶದ ಮೊದಲ ಸಂಘಟಿತ ಕಾರ್ಮಿಕ ಸಂಘಗಳಲ್ಲಿ ಒಂದು. 1921ರಲ್ಲಿ ದೊಡ್ಡ ಮುಷ್ಕರ ನಡೆಯಿತು. ತಿಂಗಳುಗಟ್ಟಲೆ ಎಳೆದ ಆ ಮುಷ್ಕರದಲ್ಲಿ ಆದಿದ್ರಾವಿಡ ಕಾರ್ಮಿಕರಲ್ಲಿ ಬಹುಪಾಲು ಜನ ಕೆಲಸಕ್ಕೆ ಮರಳಿದರು. ಕೂಲಿ ಇಲ್ಲದೆ ತಿಂಗಳು ಕಳೆಯುವ ಶಕ್ತಿ ಅವರಿಗಿರಲಿಲ್ಲ. ಊರಿನಲ್ಲಿ ತಮ್ಮನ್ನು ದೂರ ಇಟ್ಟವರೇ ಮಿಲ್ಲಿನಲ್ಲಿ ಅಣ್ಣತಮ್ಮಂದಿರು ಅನ್ನುವಾಗ ನಂಬಿಕೆಯೂ ಇರಲಿಲ್ಲ. ಅವರ ನಾಯಕ ಎಂ. ಸಿ. ರಾಜಾ ಕೂಡ ಮುಷ್ಕರದಿಂದ ದೂರ ಇರಲು ಹೇಳಿದರು. ಪಕ್ಕದ ಪುಳಿಯಂತೋಪಿನಲ್ಲಿ ಗಲಭೆಯಾಯಿತು, ಗುಡಿಸಲು ಸುಟ್ಟವು, ಗೋಲಿಬಾರಿನಲ್ಲಿ ಜನ ಸತ್ತರು, ಮುಷ್ಕರ ಸೋತಿತು. ಎಷ್ಟೋ ತಲೆಮಾರಿನಿಂದ ಮುಚ್ಚಿದ್ದ ನಲ್ಲಿಯನ್ನು ಅಗತ್ಯ ಬಿದ್ದ ದಿನ ಒಮ್ಮೆಲೇ ತೆರೆಯಲು ಹೋದರೆ ಗಾಳಿ ಹರಿಯುವುದಿಲ್ಲ.

ನಮ್ಮ ರಾಜ್ಯದ ಉದಾಹರಣೆ ಇನ್ನೂ ಹತ್ತಿರದ್ದು. ಮುಟ್ಟಾದವರನ್ನೂ ಬಾಣಂತಿಯರನ್ನೂ ಊರ ಹೊರಗೆ ಇಡುವ ಪದ್ಧತಿ ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಇದೆ. ಹಾಗೆ ಬಲವಂತವಾಗಿ ಹೊರಗಿಡುವುದನ್ನು 2017ರಲ್ಲಿ ಕರ್ನಾಟಕ ಶಾಸನಸಭೆ ಒಪ್ಪಿದ, 2020ರ ಜನವರಿಯಲ್ಲಿ ಜಾರಿಗೆ ಬಂದ ಮೌಢ್ಯ ನಿಷೇಧ ಕಾಯ್ದೆ ಅಪರಾಧ ಅನ್ನುತ್ತದೆ. 2023ರ ಜುಲೈನಲ್ಲಿ ತುಮಕೂರು ಬಳಿಯ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಮಳೆಗಾಲದ ಚಳಿಯಲ್ಲಿ, ಊರ ಹೊರಗಿನ ಗುಡಿಸಲಿನಲ್ಲಿ ತಾಯಿಯೊಂದಿಗಿದ್ದ ಹಸುಗೂಸು ತೀರಿಹೋಯಿತು. ಕಾಯ್ದೆ ಬೆಂಗಳೂರಿನಲ್ಲಿ ಜಾರಿಯಾಗಿತ್ತು, ಹಟ್ಟಿಗೆ ತಲುಪಿರಲಿಲ್ಲ. ಪದ್ಧತಿಗೆ ಮಾತ್ರ ಯಾವ ಗೆಜೆಟ್ಟೂ ಬೇಕಾಗಲಿಲ್ಲ. ಪ್ರತಿ ಮನೆಯಲ್ಲೂ ಅದನ್ನು ಜಾರಿ ಮಾಡುವವರಿದ್ದರು. ಇಲ್ಲಿ ಹೊರಗಿದ್ದವಳ ಕೈಯಲ್ಲಿ ಹಿಡಿಕೆ ಇರಲಿಲ್ಲ ಅನ್ನುವುದನ್ನು ಗಮನಿಸಿ. ‘ಚಳಿಯಾಗುತ್ತಿದೆ, ಒಳಗೆ ಬರುತ್ತೇನೆ’ ಅಂತ ಅವಳು ತೀರ್ಮಾನಿಸುವ ಹಾಗಿರಲಿಲ್ಲ.

ಹಾಗಾಗಿ ಯಾರನ್ನಾದರೂ, ಯಾವುದನ್ನಾದರೂ ಬೇರೆ ಇಡುತ್ತೇವೆ ಅನ್ನುವ ಮಾತು ಬಂದಾಗ ನಾನೀಗ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಮುಚ್ಚುತ್ತಿರುವುದು ಕವಲೋ, ಮುಖ್ಯ ಪೈಪೋ? ತೆರೆಯುವ ಹಿಡಿಕೆ ಯಾರ ಕೈಯಲ್ಲಿದೆ? ತೆರೆಯುವ ದಿನ ಯಾವುದು, ಅದನ್ನು ಎಲ್ಲರಿಗೂ ಕಾಣುವಂತೆ ಬರೆದಿದೆಯೇ?

ನಮ್ಮ ಪೈಪು

ಹೊರನಾಡಿನಲ್ಲಿರುವ ನಮಗೂ ಈ ಪ್ರಶ್ನೆಗಳು ತಪ್ಪಿದ್ದಲ್ಲ. 1956ರ ನವೆಂಬರ್ 1ರವರೆಗೆ ಮಂಗಳೂರು, ಉಡುಪಿಯವರಿಗೆ ಮದ್ರಾಸೇ ರಾಜಧಾನಿ. 1953ರ ಅಕ್ಟೋಬರಿನವರೆಗೆ ಬಳ್ಳಾರಿಯವರಿಗೂ ಅಷ್ಟೆ. ಈಗ ನಡುವೆ ರಾಜ್ಯದ ಗಡಿಯಿದೆ. ಗಡಿ ಇರಲಿ, ಅದು ಆಡಳಿತದ ಅನುಕೂಲ. ಆದರೆ 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆಯಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳು ಸುಟ್ಟವು, ಚೆನ್ನೈಯಲ್ಲಿ ಕನ್ನಡಿಗರ ಹೋಟೆಲಿನ ಮೇಲೆ ದಾಳಿಯಾಯಿತು, ಅಂತರರಾಜ್ಯ ಬಸ್ಸುಗಳು ನಿಂತವು. ಅತ್ತಿಬೆಲೆಯಲ್ಲಿ ಇಳಿದು ಹೊಸೂರು ಕಡೆಗೆ ಗಂಟು-ಮೂಟೆ, ಮಕ್ಕಳನ್ನು ಹೊತ್ತು ನಡೆದವರಿಗೂ ನೀರಿನ ಲೆಕ್ಕಕ್ಕೂ ಸಂಬಂಧವೇ ಇರಲಿಲ್ಲ. ಜಗಳ ಇದ್ದದ್ದು ಒಂದು ಕವಲಿನಲ್ಲಿ, ಮುಚ್ಚಿದ್ದು ಆಂಗಲ್ ಕಾಕ್.

ನಮ್ಮ ಮನೆಗಳಲ್ಲೂ ಇದೇ ತಪ್ಪು ನಡೆಯಬಹುದು. ಮಗಳು ಕನ್ನಡ ಮರೆತಾಳು ಅಂತ ಕೆಳಗಿನ ಮನೆಯ ತಮಿಳು ಮಕ್ಕಳ ಜೊತೆ ಆಡುವುದನ್ನು ಕಡಿಮೆ ಮಾಡಿಸಬೇಕು ಅನ್ನುವ ಸಲಹೆ ನನಗೂ ಬಂದಿದೆ. ನಾನು ಒಪ್ಪಲಿಲ್ಲ. ತಮಿಳು ಅವಳ ದಾರಿಗೆ ಅಡ್ಡಿಯಲ್ಲ. ಅವಳ ಕನ್ನಡಕ್ಕೆ ಬೇಕಾದದ್ದು ದಿನವೂ ಗಾಳಿ ಹರಿಯುವ ಒಂದು ಪೈಪು: ರಾತ್ರಿ ಅಜ್ಜಿಯ ಜೊತೆ ಹದಿನೈದು ನಿಮಿಷ ಫೋನು, ಒಂದು ಕಥೆ, ಊಟಕ್ಕೆ ಕೂತಾಗ ಕನ್ನಡ ಮಾತ್ರ.

ಕೊನೆಯದಾಗಿ, ಊರಿನಲ್ಲಿ ಉಳಿದವರ ಬಗ್ಗೆ. ಚೆನ್ನೈ, ಪುಣೆ, ಗುರುಗ್ರಾಮಗಳಲ್ಲಿ ಇರುವ ನಮ್ಮಲ್ಲಿ ಬಹಳ ಜನರ ಅಪ್ಪ-ಅಮ್ಮ ಊರಿನಲ್ಲಿ ಇಬ್ಬರೇ, ಕೆಲವೊಮ್ಮೆ ಒಬ್ಬರೇ ಇದ್ದಾರೆ. ಅಣ್ಣ ಮಾತಾಡಿರುತ್ತಾನೆ ಅಂತ ತಂಗಿ, ತಂಗಿ ವಿಚಾರಿಸಿರುತ್ತಾಳೆ ಅಂತ ಅಣ್ಣ. ಇಬ್ಬರ ಕೈಯಲ್ಲೂ ಇರುವುದು ಹಳೆಯ ಫೋಟೋ. ಇಬ್ಬರಿಗೂ ಪ್ರೀತಿಯಿದೆ, ಆದರೂ ಒಂದು ವಾರ ಆ ಮನೆಯಲ್ಲಿ ಫೋನು ಬಡಿಯುವುದಿಲ್ಲ. ನಮ್ಮ ಮನೆಯಲ್ಲಿ ನಾವು ಮೂವರು ಒಡಹುಟ್ಟಿದವರು ಕಳೆದ ವರ್ಷದಿಂದ ಒಂದು ಪಟ್ಟಿ ಮಾಡಿಕೊಂಡಿದ್ದೇವೆ. ಯಾವ ದಿನ ಯಾರು ಮಾತಾಡಬೇಕು, ಬಿಪಿ ಮಾತ್ರೆ ತರಿಸುವವರು ಯಾರು, ಮುಂದಿನ ಸಲ ಊರಿಗೆ ಹೋಗುವವರು ಯಾರು, ಯಾವ ತಾರೀಖಿಗೆ. ಮಾಡಿದವರು ಟಿಕ್ ಹಾಕಬೇಕು. ಅಮ್ಮನಿಗೆ ಮೊದಲು ಇದು ಆಫೀಸಿನ ಹಾಗೆ ಕಂಡಿತು. ಈಗ ಗುರುವಾರ ಏಳೂವರೆಯಾದರೂ ನನ್ನ ಫೋನು ಬರದಿದ್ದರೆ ಅವರೇ ಮಾಡಿ, “ಏನೋ, ಇವತ್ತು ನಿನ್ನ ಪಾಳಿ ಅಲ್ವಾ?” ಅಂತ ಕೇಳುತ್ತಾರೆ.